ಹೊನ್ನೂರವ್ವನ ಮನೆ ನೆತ್ತಿಯ ಚುಕ್ಕೆ ಹಕ್ಕಿ

ಹೂಂಗುಟ್ಟುವವರು ಮುಂದೆ ಬನ್ನಿ, ತೂಕಡಿಸುವವರು ಹಿಂದೆ ಹೋಗಿ. ಈ ಕಥೆಗೆ ಕಣ್ಣು ತೆರೆದವರು ಬೇಕು.

ನಮ್ಮ ಅಜ್ಜಿಯ ಅಜ್ಜಿ ಹುಟ್ಟುವುದಕ್ಕೂ ಮುಂಚೆ, ಹೆಸರು ಹೇಳಲು ಈಗ ಯಾರೂ ಉಳಿದಿಲ್ಲದ ಒಂದು ರಾಜ್ಯ. ಆ ರಾಜ್ಯದಲ್ಲಿ ಒಂದು ಊರು. ಊರ ನಡುವೆ ಬೇವಿನ ಮರ, ಮರದ ಸುತ್ತ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಮೂವರು ಹಿರಿಯರು. ಬೆಳಿಗ್ಗೆ ಕೂತರೆ ಊಟಕ್ಕೆ ಏಳುವರು. ಉಂಡು ಬಂದು ಕೂತರೆ ದೀಪ ಹಚ್ಚುವಾಗ ಏಳುವರು. ನಡುವೆ ಅವರನ್ನು ಏಳಿಸಲು ಮಳೆಗೂ ಆಗುತ್ತಿರಲಿಲ್ಲ.

ಆ ಊರಿಗೊಂದು ಕಟ್ಟಳೆ. ಮನೆಯ ನೆತ್ತಿಯ ಮೇಲೆ ಗುರುತಿಲ್ಲದ ಹಕ್ಕಿ ಬಂದು ಕೂತರೆ ಕಟ್ಟೆಯ ಹಿರಿಯರನ್ನು ಕೇಳಬೇಕು. ಒಳ್ಳೆಯ ಹಕ್ಕಿ ಅಂದರೆ ಸರಿ. ಕೆಟ್ಟ ಹಕ್ಕಿ ಅಂದರೆ ಮೂರನೆಯ ದಿನ ಹೊತ್ತು ಮುಳುಗುವುದರೊಳಗೆ ಮನೆ ಬಿಡಬೇಕು. ಹಿರಿಯರೇ ಕೈಯಾರೆ ಬಾಗಿಲಿಗೆ ಜಾಲಿಮುಳ್ಳು ಹಾಕುವರು. ಒಂದು ವರ್ಷ ಆ ಮನೆಯಲ್ಲಿ ಒಲೆ ಉರಿಯುವಂತಿಲ್ಲ. ಮಣ್ಣಿನ ಗೋಡೆ, ಹುಲ್ಲಿನ ಮಾಡು. ವರ್ಷವಿಡೀ ಸಾರಿಸದೆ, ಹೊದಿಸದೆ ಬಿಟ್ಟರೆ ಏನು ಉಳಿದೀತು? ನೀವೇ ಹೇಳಿ. ಮೂರು ದಿನದೊಳಗೆ ಮನೆಯವರು ಹಕ್ಕಿಯ ಗುರುತು ಹೇಳಿ, ಹಿರಿಯರ ಕಣ್ಣಿಗೇ ತೋರಿಸಿದರೆ ಮಾತ್ರ ಬಿಡುಗಡೆ. ಅಲ್ಲಿಯವರೆಗೆ ಹಾಗೆ ತೋರಿಸಿದವರು ಒಬ್ಬರೂ ಇರಲಿಲ್ಲ.

ಆ ಊರಿನಲ್ಲಿ ಹೊನ್ನೂರವ್ವ ಅಂತ ಒಬ್ಬಳು. ಈಚಲು ಗರಿಯ ಬುಟ್ಟಿ ಹೆಣೆಯುವವಳು. ಹಿಂದೆ ಇಲ್ಲ, ಮುಂದೆ ಇಲ್ಲ, ಒಂಟಿ ಹೆಂಗಸು. ಕೆರೆಯ ಮಣ್ಣು ತಾನೇ ಹೊತ್ತಳು, ತಾನೇ ತುಳಿದಳು, ತಾನೇ ಗೋಡೆ ಎತ್ತಿದಳು. ಮೂರು ಬೇಸಿಗೆ ಹಿಡಿಯಿತು ಆ ಮನೆ ನಿಲ್ಲುವುದಕ್ಕೆ. ಯಾರಾದರೂ ‘ಕೈ ಹಚ್ಚಲೇನವ್ವಾ?’ ಅಂದರೆ, ‘ನಿಮ್ಮ ಕೈ ನಿಮ್ಮ ಮನೆಗಿರಲಿ’ ಅನ್ನುವಳು. ಅಂಥ ಹಟ.

ಒಂದು ದಿನ ಬಿಸಿಲು ಏರುವ ಹೊತ್ತು. ಅಂಗಳದಲ್ಲಿ ಬುಟ್ಟಿ ಹೆಣೆಯುತ್ತಿದ್ದಾಳೆ. ನೆತ್ತಿಯ ಮೇಲೆ ಬರ್ರನೆ ಸದ್ದಾಯಿತು. ತಲೆ ಎತ್ತಿದಳು. ಮನೆಯ ನೆತ್ತಿಯ ಮೇಲೆ ಒಂದು ಹಕ್ಕಿ! ಮೈಯೆಲ್ಲ ಕಂದು, ಕಂದಿನ ಮೇಲೆ ಬಿಳಿ ಚುಕ್ಕೆ, ಉದ್ದ ಬಾಲಕ್ಕೆ ಅಡ್ಡ ಪಟ್ಟೆ. ಕಣ್ಣು? ಕೆಂಡ! ಬಾಯಿ ತೆರೆದು ‘ಕಿಕ್ ಕಿಕ್ ಕಿಕ್’ ಎಂದು ಕಿರುಚಿ, ಹಿತ್ತಲಿನ ಅತ್ತಿಮರದೊಳಗೆ ನುಗ್ಗಿ ಮರೆಯಾಯಿತು.

ಪಕ್ಕದ ಮನೆಯ ಸಕ್ರವ್ವ ಬೇಲಿಯಾಚೆಯಿಂದ ಕೂಗಿದಳು. ‘ಅಯ್ಯೋ ಅಕ್ಕಾ! ಅದೇನ ಅದು? ನಾ ಎಂದೂ ನೋಡಿಲ್ಲವ್ವಾ!’

‘ನಾನೂ ನೋಡಿಲ್ಲ. ಸುಮ್ಮನಿರು, ಕಟ್ಟೆಗೆ ಕೇಳಿಸೀತು.’

ಸಕ್ರವ್ವ ಸುಮ್ಮನಿದ್ದಾಳೆಯೇ? ಹೊನ್ನೂರವ್ವ ಗರಿ ಕೆಳಗಿಡುವಷ್ಟರಲ್ಲಿ ಕಟ್ಟೆಯಿಂದ ಕರೆ ಬಂತು.

ಕಟ್ಟೆಯಿಂದ ಅವಳ ಮನೆಯ ನೆತ್ತಿ ಕಾಣುತ್ತಿತ್ತು. ಹಕ್ಕಿ ಕೂತದ್ದನ್ನು ಮೂವರೂ ಕೂತಲ್ಲಿಂದಲೇ ನೋಡಿದ್ದರು.

ಮೊದಲನೆಯ ಹಿರಿಯ ಅಂದ, ‘ಚುಕ್ಕೆ ಕಂಡೆ. ಗಿಡುಗದ ಜಾತಿ.’

ಎರಡನೆಯ ಹಿರಿಯ ಅಂದ, ‘ಕೆಂಗಣ್ಣು ಕಂಡೆ. ಗೂಬೆಯ ಜಾತಿ.’

ಮೂರನೆಯವನು ತಿಪ್ಪಣ್ಣಜ್ಜ, ಮೂವರಲ್ಲೂ ದೊಡ್ಡವನು, ಊರಿನ ಭಜನೆಯಲ್ಲಿ ಎತ್ತರದ ದನಿಯವನು. ಅವನು ಕಣ್ಣು ಮುಚ್ಚಿ ಅಂದ, ‘ದನಿ ಕೇಳಿದೆ. ಇಂಥ ದನಿಯ ಹಕ್ಕಿಗೆ ನಮ್ಮ ಊರಿನಾಗ ಹೆಸರೇ ಇಲ್ಲ. ಹೆಸರಿಲ್ಲ ಅಂದ ಮ್ಯಾಲೆ ಕೆಟ್ಟದ್ದು.’

‘ಅಜ್ಜಾ,’ ಅಂದಳು ಹೊನ್ನೂರವ್ವ, ‘ಒಬ್ಬರು ಗಿಡುಗ ಅಂತೀರಿ, ಒಬ್ಬರು ಗೂಬೆ ಅಂತೀರಿ, ಒಬ್ಬರು ಹೆಸರಿಲ್ಲ ಅಂತೀರಿ. ಒಂದು ಹಕ್ಕಿ ಮೂರು ಹೆಂಗಾತು? ಎದ್ದು ಬಂದು ಹತ್ತಿರದಿಂದ ನೋಡ್ರಿ.’

‘ಕಟ್ಟೆ ಬಿಟ್ಟು ಹಕ್ಕಿ ಹಿಂದ ಓಡಾಕ ನಾವೇನು ಹುಡುಗರೇನವ್ವಾ? ಮೂರು ದಿನ ಐತಿ. ಗಂಟು ಕಟ್ಟಿಕೋ,’ ಅಂದ ತಿಪ್ಪಣ್ಣಜ್ಜ.

ಗಂಟು ಕಟ್ಟಿದಳೇ? ಕಟ್ಟಲಿಲ್ಲ! ಸೆರಗು ಬಿಗಿದು ಕಟ್ಟಿದಳು. ಬುಟ್ಟಿಯಲ್ಲಿ ಒಂದು ಗರಿ ಅಡ್ಡ ಹೋಗಿದ್ದರೂ ಮಾರು ದೂರದಿಂದ ಹಿಡಿಯುವ ಕಣ್ಣು ಅವಳದು. ಆ ಕಣ್ಣನ್ನು ಅತ್ತಿಮರಕ್ಕೆ ನೆಟ್ಟಳು.

ಮೊದಲನೆಯ ದಿನ ಮರದ ಬುಡದಲ್ಲಿ ಕೂತಳು. ಇರುವೆ ಕಚ್ಚಿತು, ಏಳಲಿಲ್ಲ. ಎಲೆಯ ಸಂದಿನಲ್ಲಿ ಚುಕ್ಕೆ ಕಂಡಿತು. ಹಕ್ಕಿ ಏನು ಮಾಡುತ್ತಿದೆ? ಇಲಿ ಹರಿದು ತಿನ್ನುತ್ತಿದೆಯೇ? ಕೋಳಿಮರಿ ಹರಿದು ತಿನ್ನುತ್ತಿದೆಯೇ? ಇಲ್ಲವೇ ಇಲ್ಲ. ಗುಳಕ್ಕನೆ ಅತ್ತಿಹಣ್ಣು ನುಂಗುತ್ತಿದೆ!

‘ಹಣ್ಣು ತಿನ್ನೋ ಗಿಡುಗ ಎಲ್ಲೈತಿ? ಇದು ಗಿಡುಗ ಅಲ್ಲ!’ ಅಂದಳು.

ಎರಡನೆಯ ದಿನ ಏಣಿ ಹಾಕಿ ಮಾಡಿನ ಮೇಲೆ ಹತ್ತಿದಳು. ನಡು ಮಧ್ಯಾಹ್ನ, ಸುಡುವ ಬಿಸಿಲು. ಹಕ್ಕಿ ಕೊಂಬೆಯಿಂದ ಕೊಂಬೆಗೆ ನೆಗೆಯುತ್ತಿದೆ. ಮುಖ ಗೂಬೆಯ ಹಾಗೆ ತಟ್ಟೆಯಾಗಿಲ್ಲ. ಕಣ್ಣು ಎರಡೂ ಮುಂದಿಲ್ಲ, ಅಕ್ಕಪಕ್ಕಕ್ಕಿವೆ.

‘ಇದು ಗೂಬೆಯೂ ಅಲ್ಲ!’ ಅಂದಳು.

‘ಅಕ್ಕಾ, ಇಳಿಯೇ, ಬಿದ್ದೀಯ!’ ಅಂದಳು ಕೆಳಗಿನಿಂದ ಸಕ್ರವ್ವ. ‘ಮನೀ ಹೋದ್ರೆ ನಮ್ಮ ಪಡಸಾಲ್ಯಾಗ ಇರೀಯಂತ.’

‘ನಿನ್ನ ಪಡಸಾಲಿ ನಿನಗಿರಲಿ. ಏಣಿ ಗಟ್ಟಿ ಹಿಡಿ!’

ಮೂರನೆಯ ದಿನ. ಕೇಳಿ, ಈಗ ಕೇಳಿ. ಬೆಳಿಗ್ಗೆ ಎದ್ದರೆ ಅತ್ತಿಮರದಲ್ಲಿ ಹಕ್ಕಿ ಇಲ್ಲ! ಹೊನ್ನೂರವ್ವ ಸೆರಗು ಸಿಕ್ಕಿಸಿ ಓಡಿದಳು. ಕೆರೆ ಏರಿಯ ಮೇಲೆ ಹುಡುಕಿದಳು, ಇಲ್ಲ. ಮಾವಿನ ತೋಪಿನಲ್ಲಿ ಹುಡುಕಿದಳು, ಇಲ್ಲ. ಊರ ಹೊರಗಿನ ಹುಣಸೆಮರದ ಹತ್ತಿರ ಬಂದಾಗ ಕಾಗೆಗಳ ಗಲಾಟೆ ಕೇಳಿಸಿತು. ಮರದ ತುದಿಯಲ್ಲಿ ಕಾಗೆಯ ಗೂಡು. ಗೂಡಿನ ಎದುರಿಗೆ ಕರ್ರಗೆ ಮಿಂಚುವ ಕೋಗಿಲೆ ಕೂತು, ‘ಕುಹೂ! ಕುಹೂ!’ ಎಂದು ಕಾಗೆಗಳನ್ನು ಕೆಣಕುತ್ತಿದೆ. ಕಾಗೆಗಳು ರೇಗಿ ಅದನ್ನು ಅಟ್ಟಿಕೊಂಡು ಹೋದವು. ಗೂಡು ಖಾಲಿ ಆಯಿತು.

ಆಗ ಎಲೆಯೊಳಗಿಂದ ಯಾರು ಹೊರಗೆ ಬಂದರು ಹೇಳಿ?

ಚುಕ್ಕೆ ಹಕ್ಕಿ! ಸರಕ್ಕನೆ ಗೂಡಿನಲ್ಲಿ ಕೂತಿತು, ಸರಕ್ಕನೆ ಎದ್ದಿತು. ಅಷ್ಟರಲ್ಲಿ ಕಾಗೆಗಳು ತಿರುಗಿ ಬಂದು ಅದನ್ನೂ ಅಟ್ಟಿದವು. ‘ಕಿಕ್ ಕಿಕ್ ಕಿಕ್’ ಎಂದು ಕಿರುಚುತ್ತ ಅದು ಓಡಿತು. ಮೊನ್ನೆ ತನ್ನ ಮನೆಯ ನೆತ್ತಿಗೆ ಯಾಕೆ ಬಂದು ಬಿದ್ದಿತ್ತು ಅನ್ನುವುದು ಹೊನ್ನೂರವ್ವನಿಗೆ ಈಗ ತಿಳಿಯಿತು.

ಕಾಗೆಯ ಗೂಡಿನಲ್ಲಿ ಮೊಟ್ಟೆ ಇಡುವವರು ಯಾರು? ಕೋಗಿಲೆ. ಅದು ಆ ಊರಿನ ಕೂಸಿಗೂ ಗೊತ್ತು. ಆದರೆ ಕರಿಯ ಕೋಗಿಲೆ ಗೂಡಿಗೇ ಹೋಗಲಿಲ್ಲವಲ್ಲ? ಅದು ಹೊರಗೆ ಹಾಡುತ್ತಿತ್ತು. ಹಾಗಾದರೆ ಮೊಟ್ಟೆ ಇಟ್ಟವಳು?

ಹೊನ್ನೂರವ್ವ ಅಲ್ಲೇ ಒಂದು ಸುತ್ತು ಕುಣಿದಳು. ‘ಎಲೆಲೆ! ಅವನ ಹಾಡು ಹೊಗಳಿ ಹೊಗಳಿ, ಅವನ ಹೆಂಡತಿಯ ಮುಖವನ್ನೇ ನೋಡಿಲ್ಲವಲ್ಲೋ ನಾವು!’

ಗುರುತು ಸಿಕ್ಕಿತು. ತೋರಿಸುವುದು ಹೇಗೆ? ಹಿರಿಯರು ಕಟ್ಟೆ ಬಿಟ್ಟು ಏಳುವವರಲ್ಲ. ಆದರೆ ಮುಳ್ಳು ಹಾಕಲು ಏಳಲೇಬೇಕಲ್ಲ? ಹೊತ್ತು ಇಳಿಯುವ ತನಕ ಕಾದು, ಹೊನ್ನೂರವ್ವ ನೇರ ಕಟ್ಟೆಗೆ ಹೋದಳು.

‘ಅಜ್ಜಾ, ಹೊತ್ತು ಇಳೀತು. ಮುಳ್ಳು ತಗೊಂಡು ಬರ್ರಿ.’

ಮೂವರಿಗೂ ಆಶ್ಚರ್ಯ. ಇವಳೇ ಕರೆಯುತ್ತಾಳಲ್ಲ! ಮೊಣಕಾಲು ಲಟಲಟ ಅನ್ನಿಸುತ್ತ ಎದ್ದರು. ಹಿಂದೆ ಊರಿಗೆ ಊರೇ ಬಂತು. ಹೊನ್ನೂರವ್ವ ಬಾಗಿಲಿನ ಹತ್ತಿರ ನಿಲ್ಲಲಿಲ್ಲ. ಎಲ್ಲರನ್ನೂ ಹಿತ್ತಲಿಗೆ ಕರೆದುಕೊಂಡು ಹೋದಳು.

‘ಹೊತ್ತು ಮುಳುಗೋ ತನಕ ಮನೀ ನಂದು. ಹಣ್ಣಿಗೆ ಆ ಹಕ್ಕಿ ಬಂದೇ ಬರ್ತೈತಿ. ಅಲ್ಲೀ ತನಕ ಈ ಮರ ನೋಡ್ರಿ.’

ನೋಡಿದರು. ಎಲೆ ಅಲುಗಲಿಲ್ಲ. ಸೂರ್ಯ ತೋಪಿನ ಮೇಲಿಳಿದ. ನೋಡಿದರು. ಒಂದು ಗುಬ್ಬಿಯೂ ಬರಲಿಲ್ಲ. ಸೂರ್ಯ ತೋಪಿನ ಹಿಂದೆ ಇಳಿದ. ತಿಪ್ಪಣ್ಣಜ್ಜ ಮುಳ್ಳಿನ ಕೊಂಬೆ ಎತ್ತಿದ. ‘ಸಾಕು ನಡೀರಿ,’ ಅಂದ.

‘ಕಿಕ್ ಕಿಕ್ ಕಿಕ್!’

ಬಂದಳು! ಚುಕ್ಕೆಯವಳು ಬಂದು ಬರಿಗೊಂಬೆಯ ಮೇಲೆ, ಎಲ್ಲರ ಕಣ್ಣೆದುರಿಗೆ ಕೂತಳು. ‘ಅದೇ ಕೆಟ್ಟ ಹಕ್ಕಿ!’ ಎಂದು ಜನ ಹಿಂದೆ ಸರಿದರು. ಅಷ್ಟರಲ್ಲಿ ಮೇಲಿನಿಂದ ಕರಿಯ ಕೋಗಿಲೆ ಇಳಿಯಿತು. ಒಂದು ಕುಹೂ ಹಾಡಿತು. ಅತ್ತಿಹಣ್ಣು ಕಿತ್ತಿತು. ಪಕ್ಕಕ್ಕೆ ಸರಿಸರಿದು ಬಂದು, ಆ ಹಣ್ಣನ್ನು ಚುಕ್ಕೆಯವಳ ಬಾಯಿಗೆ ಇಟ್ಟಿತು.

ಸಕ್ರವ್ವ ಕಿಟಾರನೆ ಕೂಗಿದಳು, ‘ಗಂಡ ಹೆಂಡ್ತಿ ಅದಾವಲ್ಲೇ ಅಕ್ಕಾ!’

‘ಕಾಗೆ ಗೂಡಿನಾಗ ಮೊಟ್ಟೆ ಇಡಾಕಿ ಇಕೀನೇ. ಬೆಳಿಗ್ಗೆ ಕಣ್ಣಾರೆ ಕಂಡೀನಿ,’ ಅಂದಳು ಹೊನ್ನೂರವ್ವ. ‘ಕೋಗಿಲೆ ಒಳ್ಳೆ ಹಕ್ಕಿಯೋ ಕೆಟ್ಟ ಹಕ್ಕಿಯೋ? ಹೇಳ್ರಿ ಅಜ್ಜಾ.’

ತಿಪ್ಪಣ್ಣಜ್ಜ ಬಿಟ್ಟಾನೆಯೇ? ‘ಕೋಗಿಲೆ ಒಳ್ಳೇದು ಖರೆ. ಆದರ ಕೋಗಿಲೆ ಅಂದ್ರ ಹಾಡಬೇಕು. ಇದು ಕಿರುಚ್ತೈತಿ.’

‘ಅಜ್ಜಾ, ಊರ ಭಜನೆಯಾಗ ಹಾಡೋರು ನೀವು. ನಿಮ್ಮ ಮನೀ ಅಜ್ಜಿ ಹಾಡಿದ್ದನ್ನ ಇಲ್ಲಿ ಯಾರಾದರೂ ಕೇಳೀರೇನು? ಹಂಗಂತ ಆಕೀ ನಿಮ್ಮ ಹೆಂಡತಿ ಅಲ್ಲೇನು?’

ಹಿತ್ತಲೆಲ್ಲ ನಗೆ! ಗುಂಪಿನಲ್ಲಿದ್ದ ಅಜ್ಜಿಯೇ ಎಲ್ಲರಿಗಿಂತ ಜೋರಾಗಿ ನಕ್ಕಳು. ‘ಕಿರುಚಿದ್ದನ್ನ ಮಾತ್ರ ದಿನಾ ಕೇಳ್ಯಾರವ್ವಾ ನಮ್ಮವರು!’ ಅಂದಳು. ತಿಪ್ಪಣ್ಣಜ್ಜನ ಮೀಸೆಯೂ ನಡುಗಿತು. ತಡೆದ, ತಡೆದ, ತಡೆಯಲಾಗಲಿಲ್ಲ. ತಾನೂ ನಕ್ಕ. ಮುಳ್ಳಿನ ಕೊಂಬೆಯನ್ನು ಬೇಲಿಯಾಚೆ ಎಸೆದ.

‘ಮನೀ ನಿಂದವ್ವಾ, ಒಲಿ ಹಚ್ಚು. ಇನ್ನ ಮ್ಯಾಲೆ ಎದ್ದು ಬಂದು ನೋಡದೇ ನಾವು ಯಾವ ಹಕ್ಕೀಗೂ ಹೆಸರು ಹೇಳಂಗಿಲ್ಲ,’ ಅಂದ. ಆಮೇಲೆ ತಲೆ ಕೆರೆದುಕೊಂಡ. ‘ಆದರ ಇದಕ್ಕ ಏನಂತ ಕರೆಯೋಣು? ಕೋಗಿಲೆ ಅನ್ನೋ ಹೆಸರು ಗಂಡನಿಗೆ ಹೋಗಿ ಬಿಟ್ಟೈತಲ್ಲ.’

ಹೊನ್ನೂರವ್ವ ಒಲೆ ಹಚ್ಚಲು ಒಳಗೆ ಹೊರಟವಳು, ಹೊಸ್ತಿಲ ಮೇಲೆ ನಿಂತು ತಿರುಗಿ ನೋಡಿದಳು.

‘ಮೊಟ್ಟೆ ಇಡಾಕಿ ಇಕಿ. ಕೋಗಿಲೆ ಅಂದ್ರ ಇಕೀನೇ. ಬೇಕಾದ್ರ ಗಂಡನಿಗೆ ಬ್ಯಾರೆ ಹೆಸರು ಹುಡುಕ್ರಿ!’

ಅವರು ಇನ್ನೂ ಹುಡುಕುತ್ತಿದ್ದಾರಂತೆ. ಹೇಳಿದ ಬಾಯಿಗೆ ಒಂದು ತಂಬಿಗೆ ನೀರು, ಕೇಳಿದ ಕಿವಿಗೆ ಒಂದು ಒಳ್ಳೆಯ ದನಿ. ಕಥೆ ಕೊಂಬೆ ಬಿಟ್ಟು ಹಾರಿತು, ನೀವು ನಿಮ್ಮ ಮನೆಗೆ ನಡೆಯಿರಿ.