ಇಂದ್ರಾಣಿ ಬರುವ ಹೊತ್ತು

ಇಲ್ಲ ಕಣೇ, ಇನ್ನೂ ಹೊತ್ತಿದೆ. ಬರ್ತಾಳೆ ಅಂದೆನಲ್ಲ. ಮಗಳು ತಾಯಿಯನ್ನ ನೋಡೋಕೆ ಬರದೆ ಇರ್ತಾಳಾ? ನೀನು ಸುಮ್ಮನೆ ರಸ್ತೆ ಕಡೆ ನೋಡ್ತಾ ಕೂರಬೇಡ, ಕತ್ತು ನೋಯ್ತದೆ. ಸಮುದ್ರ ನೋಡು. ನಮ್ಮ ಬರ್ಬೀಸಿನಿಂದ ಇಷ್ಟು ದೂರ ರಾಜಧಾನಿ ಜಾರ್ಜ್‌ಟೌನಿಗೆ ಬಂದು... ಯಾಕೆ ಮೂತಿ ತಿರುವ್ತೀ? ಹೌದು, ನಮ್ಮೂರಲ್ಲೂ ಇದೇ ಸಮುದ್ರ, ಇದೇ ಕೆಸರು ನೀರು. ಆದ್ರೆ ಅಲ್ಲಿ ಹೀಗೆ ಕಡಲಗೋಡೆ ಮೇಲೆ ಕಾಲು ಇಳಿಬಿಟ್ಟು ಕೂರೋಕೆ ನಮಗೆ ಪುರುಸೊತ್ತು ಎಲ್ಲಿತ್ತು?

ನಿಧಾನವಾಗಿ ನಡೆದ ದಿನ ಇವತ್ತು. ನಮ್ಮನ್ನೆಲ್ಲ ಕರ್ಕೊಂಡು ಬಂದ ಚೇತ್ರಾಮ್ ಬಸ್ಸಿನಲ್ಲೇ ಹೇಳಿದ್ದ, 'ಲಚ್ಮನ್ ಚಾಚಾ, ಮಂದಿರದ ಗುಂಪಲ್ಲಿ ಇರೋದೆಲ್ಲ ಮುದುಕರು, ಓಡಿಸಿಕೊಂಡು ಹೋಗೋಕೆ ನೀವೇನು ಕುರಿಗಳಾ' ಅಂತ. ಮರದ ಇಗರ್ಜಿ ನೋಡಿದೆವು, ಪೇಟೆ ಗಡಿಯಾರದ ಕೆಳಗೆ ನಿಂತೆವು. ತೋಟದ ಕೊಳದಲ್ಲಿ ಆ ನೀರುಹಸು, ಅಷ್ಟು ದೊಡ್ಡ ನೀರಿನ ಪ್ರಾಣಿ, ಸಿಳ್ಳೆಗೆ ಮೇಲೆ ಬಂದು ನಿನ್ನ ಕೈಯಿಂದಲೇ ಹುಲ್ಲು ತಿಂತು. 'ಚಾಚೀ, ಚಾಚಾನನ್ನ ಈ ಕೊಳದಲ್ಲಿ ಬಿಟ್ಟು ಅದನ್ನ ಮನೆಗೆ ಕರ್ಕೊಂಡು ಹೋಗಿ, ಅದು ಬಡಿಸಿದ್ದನ್ನ ಸುಮ್ಮನೆ ತಿಂತದೆ' ಅಂದ ಚೇತ್ರಾಮ್. ಗುಂಪೆಲ್ಲ ನಕ್ಕಿತು. ನೀನು ನಗಲಿಲ್ಲ. ಯಾಕೆ ನಗಲಿಲ್ಲ?... ಬೇಡ, ಬಿಡು.

ಬರ್ತಾಳೆ. ಹೋಳಿಯಿಂದ ನೀನು ಈ ಒಂದು ದಿನಕ್ಕೆ ಕಾದದ್ದು ನನಗೆ ಗೊತ್ತಿಲ್ಲವಾ? ಶಾಲೆ ಬಿಡಬೇಕಲ್ಲ ಅವಳಿಗೆ. ಟೀಚರು ಅಂದ್ರೆ ಮಕ್ಕಳು ಮನೆಗೆ ಹೋದ ಮೇಲೂ ಕೆಲಸ ಇರ್ತದೆ. ಆಮೇಲೆ ಅಳಿಯ ಕಾರಲ್ಲಿ ತಂದು ಬಿಡ್ತಾನೆ... ಏನು? ಯಾಕೆ ಹಾಗೆ ನೋಡ್ತೀ?

ಹೌದು. ಇವತ್ತು ಭಾನುವಾರ.

ಅದು... ಪರೀಕ್ಷೆ ಹತ್ತಿರ ಬಂದಾಗ ಭಾನುವಾರವೂ ಪಾಠ ಮಾಡ್ತಾರಂತೆ ಪಟ್ಟಣದಲ್ಲಿ. ಹಾಗಂತ ಯಾರೋ ಅಂದ್ರು. ಯಾರು ಅಂತ ನೆನಪಿಲ್ಲ.

ಅವಳು ಬರೋವರೆಗೆ ಏನಾದ್ರೂ ತಿನ್ನು. ತಗೋ, ಬೇಳೆವಡೆ, ಬಿಸಿ ಇದೆ. ಬೇಡವಾ? ಮಧ್ಯಾಹ್ನವೂ ತಾವರೆ ಎಲೆ ಮೇಲೆ ಬರೀ ಅನ್ನ ತಿಂದೆ, ಪಲ್ಯಗಳನ್ನೆಲ್ಲ ಪಕ್ಕಕ್ಕೆ ಸರಿಸಿಬಿಟ್ಟೆ. ಮಾವಿನಕಾಯಿ ಹೋಳಾದ್ರೂ ತಿನ್ನು, ನಿನಗೆ ಇಷ್ಟ ಅಂತಲೇ ತಂದೆ... ಯಾಕೆ ಒರೆಸ್ತಿದ್ದೀ? ಉಪ್ಪು ಖಾರ ಒರೆಸಿ ಹಾಕಿದ ಮೇಲೆ ಅದರಲ್ಲಿ ಏನಿದೆ? ಡಾಕ್ಟ್ರು ನಿನ್ನ ಎದೆನೋವಿಗೆ ಉಪ್ಪು ಕಡಿಮೆ ಮಾಡು ಅಂದ್ರು, ಬಿಡು ಅನ್ನಲಿಲ್ಲ. ಪೂರ್ತಿ ಬಿಡೋದು ಯಾವಾಗ ಅಂದ್ರೆ...

ದ್ರುಪತಿ.

ತಲೆಗೆ ಎಣ್ಣೆ ಹಾಕಿಲ್ಲ ನೀನು. ಕಡಲ ಗಾಳಿಗೆ ಕೂದಲು ಕೆದರಿದೆ ಅಂದ್ಕೊಂಡಿದ್ದೆ. ಇಲ್ಲಿಯ ಮಂದಿರದ ಮುಂದೆ ಬಸ್ಸು ನಿಂತಾಗ ಮಂಡಿ ನೋವು ಅಂದೆ, ಇಳಿಯಲೇ ಇಲ್ಲ. ಮಂಡಿ ನೋವಿಗೆ ದೇವರನ್ನ ಬಿಟ್ಟವಳಲ್ಲ ನೀನು. ನಾನು ಚಪ್ಪಲಿ ಕಾಯ್ತೀನಿ ಅಂತ ಹೊರಗೆ ನಿಂತೆ. ನನಗೆ ಒಳಗೆ ಹೋಗೋ ಹಾಗಿರಲಿಲ್ಲ. ನಿನಗೆ... ನಿನಗೇನಾಗಿತ್ತು?

ಯಾವಾಗ ಬಿಟ್ಟೆ ಉಪ್ಪು?

ಪಕ್ಕದ ಮನೆ ಜಸೋದ್ರಾ ಹೇಳಿದಳಾ? ಇಲ್ಲವಾ? ಕೇರಿಯವರಿಗೆಲ್ಲ ಕೈಮುಗಿದಿದ್ದೆ, ಇವಳ ಎದೆ ತಡೆಯೋದಿಲ್ಲ, ಯಾರೂ ಬಾಯಿ ಬಿಡಬೇಡಿ ಅಂತ. ಈ ಬಸ್ಸಿನವರಿಗೂ ಹೇಳಿದ್ದೆ. ಚೇತ್ರಾಮನ ತಮಾಷೆಯೆಲ್ಲ ಅದಕ್ಕೇ. ರೇಡಿಯೋ ಚೆನ್ನಾಗೇ ಇತ್ತು, ನಾನೇ ಒಯ್ದು ರಿಪೇರಿಗೆ ಕೊಟ್ಟೆ, ಸಂಜೆ ಸಾವಿನ ಸುದ್ದಿ ಓದುವಾಗ ನಿನ್ನ ಕಿವಿಗೆ ಬೀಳಬಾರದು ಅಂತ.

ಪಕ್ಕದ ಮನೆಯ ಕಿಟಕಿಯಲ್ಲೂ ಒಂದು ರೇಡಿಯೋ ಇದೆ ಅಂತ ನನಗೆ ಹೊಳೆಯಲಿಲ್ಲ.

ನೀನು ಒಲೆ ಮುಂದೆ ನಿಂತಿದ್ದಿರಬೇಕು. ಅವರು ಬರೀ ಸತ್ತವರ ಹೆಸರು ಓದಿ ನಿಲ್ಲಿಸೋದಿಲ್ಲ. ಇಂಥವರ ಹೆಂಡತಿ, ಇಂಥವರ ಸೊಸೆ, ಇಂಥ ಊರಿನ ಲಚ್ಮನ್ ಮತ್ತು ದ್ರುಪತಿಯವರ ಮಗಳು... ನಿನ್ನ ಹೆಸರು ನೀನೇ ಕೇಳಿದೆಯಾ?

ಅವತ್ತು ಅಕ್ಕಿ ಗಿರಣಿಗೆ ಅಂತ ನಿನಗೆ ಹೇಳಿ ಹೊರಟೆನಲ್ಲ, ನಾನು ಗಿರಣಿಗೆ ಹೋಗಿರಲಿಲ್ಲ ಕಣೇ. ದೋಣಿ ಮಗುಚಿತು, ಎಸೆಕ್ವಿಬೊ ನದಿಯಲ್ಲಿ. ಆ ದಡದ ಶಾಲೆಗೆ ಪರೀಕ್ಷೆ ನಡೆಸೋಕೆ ಹೊರಟಿದ್ದಳು. ಅಳಿಯನೇ ಬೆಂಕಿ ಕೊಟ್ಟ. ನಾನು ಹಿಂದೆ ನಿಂತಿದ್ದೆ. ಮನೆಗೆ ಬಂದು ಅಂಗಿ ಬಿಚ್ಚಿ ಹಾಕಿದೆ, ತುಪ್ಪ ಹೊಗೆ ಎಲ್ಲ ನಾರ್ತಿತ್ತು. ನೀನು ಒಗೆದು, ಒಣಗಿಸಿ, ಮಡಚಿಟ್ಟೆ. ಯಾವ ಗಿರಣಿಯಲ್ಲಿ ತುಪ್ಪ ಸುಡ್ತಾರೆ ಅಂತ ಕೇಳಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಬಸ್ಸು ಹತ್ತಿದೆ. ಬೆಳಿಗ್ಗೆಯಿಂದ ನಾನು ಬರ್ತಾಳೆ ಬರ್ತಾಳೆ ಅಂದಾಗಲೆಲ್ಲ ರಸ್ತೆ ನೋಡಿದೆ. ಯಾಕೆ? ನನ್ನ ಸುಳ್ಳು ಎಲ್ಲಾದ್ರೂ ನಿಜ ಆದೀತು ಅಂತಲಾ?

ಬೈಯೇ. ಒಂದು ಮಾತು ಬೈ.

ಉಪ್ಪು, ಎಣ್ಣೆ ಬಿಟ್ಟು ಇಬ್ಬರೂ ಕೂಡಿ ಹಿಡಿಯಬೇಕಾದ ಸೂತಕ ಅದು. ನೀನೊಬ್ಬಳೇ ಹಿಡಿದೆ, ನನಗೆ ತಿಳಿಯದ ಹಾಗೆ. ನಾನು ಅದೇ ಅಡಿಗೆಮನೆಯಲ್ಲಿ ನಿನ್ನೆದುರು ಕೂತು, ನಿನಗೆ ಅನುಮಾನ ಬರಬಾರದು ಅಂತ, ಸಾರಿಗೆ ಉಪ್ಪು ಸಾಲದು ಅಂತ ಕೇಳ್ತಿದ್ದೆ. ದಿನಾ ಕೇಳ್ತಿದ್ದೆ. ನೀನು ಎದ್ದು ಬಂದು ಹಾಕ್ತಿದ್ದೆ.