ಸಾಹೇಬ್ರ ಪಾಲಿನ ಮುದ್ದೆ

...ಇಲ್ಲ ಇಲ್ಲ, ಒಳಕ್ಕೆ ಮಾತ್ರ ಬುಡಕಾಗಕಿಲ್ಲ. ಬ್ಯಾಸರ ಮಾಡ್ಕಬ್ಯಾಡಿ ಉದಯ್. ನೀವು ಅಳಿಯ ಆಗೋರು, ನಾನೇನ್ ಇಲ್ಲ ಅನ್ನಕಿಲ್ಲ. ಆದ್ರೆ ಈ ತೋಟದ ಮನೆ ಮಧು ಸಾಹೇಬ್ರದ್ದು. ನಾನು ಕಾಯೋನು, ಅಷ್ಟೇ. ಯಾರ್ನೂ ಒಳಕ್ಕೆ ಬುಡಬ್ಯಾಡ ರುದ್ರಯ್ಯ ಅಂತ ಮ್ಯಾನೇಜರ್ ಹೇಳವ್ನೆ. ಇಲ್ಲೇ, ಈ ಹೊಂಗೆ ಮರದ ಅಡೀಗೆ ಕುಂತ್ಕಳಿ. ನೆಳ್ಳೈತೆ. ಗಾಳಿ ಒಸಿ ತಿರುಗಿದ್ರೆ ಬೈರಮಂಗಲದ ಕೆರೆ ವಾಸ್ನೆ ಬತ್ತದೆ. ಅದ್ಕೇನೂ ಮಾಡಕಾಗಕಿಲ್ಲ.

ಫೋನೂ ಮಾಡ್ದಲೆ ಬಂದ್ಬುಟ್ರಲ್ಲ, ಅದೇ ನಂಗೆ... ಕುದೂರಿಂದ ಇಲ್ಲೀಗಂಟ, ಈ ಬಿಸ್ಲಲ್ಲಿ, ಬೈಕ್ನಾಗೆ. ಸುಮ್ಕೆ ಬಂದೆ ಅಂತೀರಾ? ಸುಮ್ಕೆ ಯಾರಾದ್ರೂ ಬತ್ತಾರಾ? ಮದ್ವೆ ಮುಂದಿಟ್ಕಂಡು ಹುಡ್ಗ ಒಬ್ನೇ ಮಾವನ್ನ ಹುಡಿಕ್ಕಂಡು ಬಂದ ಅಂದ್ರೆ ಏನೋ ಐತೆ. ನಿಮ್ ದೊಡ್ಡಪ್ಪ ಕಳಿಸಿದ್ರಾ? ಆ ರುದ್ರಯ್ಯ ಹೇಳಿದ್ದು ದಿಟವೋ ಸುಳ್ಳೋ, ಹೋಗಿ ನೋಡ್ಕಂಡ್ ಬಾ ಅಂತ? ಇಲ್ಲ ಅಂತ ತಲೆ ಆಡುಸ್ತೀರಿ. ಸರಿ, ನಂಬ್ದೆ ಅಂತ ಇಟ್ಕಳಿ.

ಏನದು ಫೋನ್ನಾಗೆ? ಓ, ಫ್ಲೆಕ್ಸು. ನೀವೇ ಮಾಡಿದ್ದಾ? ಚೆನ್ನಾಗೈತೆ. ಸ್ವಂತದ್ ಫ್ಲೆಕ್ಸ್ ಅಂಗ್ಡಿ ಇಟ್ಕಂಡಿರೋರಿಗೆ ಕೇಳ್ಬೇಕಾ. ಇದು ನೀವು. ಇದು ನಮ್ ದ್ರಾಕ್ಷಾಯಿಣಿ. ಏನಪ್ಪಾ ಇಷ್ಟ್ ಸಣ್ಣಕ್ ಹಾಕಿದ್ದೀರಿ, ಮದ್ವೆ ನಿಮ್ದು, ನೀವಿಬ್ರೂ ಮೂಲೇಲಿ. ನಡ್ಮಧ್ಯಕ್ಕೆ ಚಪ್ಪರದಗ್ಲ ಮೊಕ ಯಾರ್ದು ಅಂದ್ರೆ ಸಾಹೇಬ್ರದ್ದು. ಬ್ಯಾಟ್ ಮ್ಯಾಲೆ ಏನೋ ಗೀಚ್ಕಂಡು ನಗ್ತಾ ಕುಂತವ್ನೆ. 'ನಮ್ಮ ಮದುವೆಗೆ ಆಗಮಿಸುತ್ತಿರುವ ಕ್ರಿಕೆಟ್ ತಾರೆ ಮಧು ಅವರಿಗೆ ಹಾರ್ದಿಕ ಸುಸ್ವಾಗತ.' ಹೂಂ.

ಪ್ರಿಂಟಿಗೆ ಹಾಕ್ಲಾ ಅಂತ ಕೇಳಕ್ಕೆ ಬಂದ್ರಾ? ಇಷ್ಟಕ್ಕೇನಾ?

ಬ್ಯಾಡ. ಈಗ್ಲೇ ಹಾಕ್ಬ್ಯಾಡಿ.

ಬತ್ತಾನೆ ಅಂತ ನಾನೇ ಹೇಳಿದ್ದೆ, ಗೊತ್ತೈತೆ ನಂಗೆ. ನಿಶ್ಚಿತಾರ್ಥದಲ್ಲಿ ನಿಮ್ಮೂರೋರ ಮುಂದೇನೇ ಹೇಳಿದ್ದೆ. ದೇವ್ರಂತ ಮನ್ಸ, ನನ್ ಮಗಳ ಮದ್ವೆಗೆ ಬಂದೇ ಬತ್ತಾರೆ ಅಂದಿದ್ದೆ. ನಿಮ್ ದೊಡ್ಡಪ್ಪನ ಮೊಕ ಆವತ್ತು ನೋಡ್ಬೇಕಿತ್ತು. ಅಲ್ಲೀಗಂಟ ಹೂಂ ಹೂಂ ಅಂತಿದ್ದೋರು, ಎದ್ದು ಬಂದು ನನ್ ಕೈ ಹಿಡ್ಕಂಡ್ರು. ಈಗ ಕುದೂರೆಲ್ಲ ಸಾರವ್ರಂತೆ. ಸಾರ್ಲಿ ಅಂತ ನಾನ್ ಹೇಳಿದ್ನಾ? ಆದ್ರೆ ಒಂದ್ ಮಾತ್ ಕೇಳಿ ಉದಯ್, ಮನ್ಸನ್ನ ದೂರದಿಂದ ನೋಡೋದೇ ಬ್ಯಾರೆ, ಹತ್ರದಿಂದ ನೋಡೋದೇ ಬ್ಯಾರೆ. ನಾನು ಹತ್ರದಿಂದ ನೋಡಿದೋನು. ಅದ್ಕೇ ಹೇಳ್ತಿರೋದು, ಇವ್ರನ್ನೆಲ್ಲ ಹೀರೋ ಹೀರೋ ಅಂತ ಮೆರುಸ್ತೀರಲ್ಲ, ನಿಮ್ಮಂತೋರು, ಫ್ಲೆಕ್ಸ್‌ನೋರು... ಅಂಥ ಹೀರೋಗಳೇನೂ ಅಲ್ಲ ಇವ್ರು.

ಯಾಕ್ ನಗ್ತೀರಿ? ನಗೋ ಮಾತಾ ಇದು?

ಹೀರೋ ಅಂದ್ರೆ ಯಾರು ಹೇಳಿ ನೋಡಾನ. ರಾಮನಗರದ ಮಾರ್ಕೆಟ್ನಾಗೆ ಗೂಡು ಹರಾಜಾಗೋದ್ ನೋಡಿದ್ದೀರಾ? ರೇಷ್ಮೆ ಗೂಡು. ಹಂಗೇ ಇವ್ರನ್ನೂ ಹರಾಜಾಕ್ತಾರೆ, ಟೀವಿನಾಗೇ ತೋರುಸ್ತಾರೆ. ಹೋದ್ ವರ್ಷ ಒಂದ್ ಬಣ್ಣದ ಅಂಗಿ, ಈ ವರ್ಷ ಇನ್ನೊಂದು. ದೇಸಕ್ಕಾಗಿ ಆಡ್ತಾನೆ ಅಂತೀರಿ. ಯಾವ್ ದೇಸ? ಆಮ್ಯಾಕೆ ಆ ಜೂಜಿನ ಆಪು. ಬಾ ಆಡು, ಕೋಟ್ಯಾಧಿಪತಿ ಆಗು ಅಂತ ನಗ್‌ನಗ್ತಾ ಕರೆಯೋದು, ಕೊನೇಗೆ ಒಂದೇ ಉಸುರ್ಗೆ ಇದ್ರಿಂದ ನಷ್ಟ ಆಯ್ತದೆ ಹುಷಾರು ಅಂತ ಗುಣುಗ್ಬುಡೋದು. ಅರ್ಥ ಆಗಬಾರ್ದು ಅಂತಾನೇ ಹಂಗ್ ಹೇಳ್ತಾರೆ. ನಂಗೆ ಅನುಮಾನ ಬರೋದು ಇಲ್ಲೇ.

ನಮ್ಮೂರ ಹನುಮಂತಮ್ಮ, ಆಶಾ ಕೆಲ್ಸ ಮಾಡೋಳು. ಕೊರೊನಾದಾಗೆ ಯಾರೂ ಹೊಸ್ಲು ದಾಟ್ದೆ ಇದ್ದಾಗ ಮನೆ ಮನೆಗೆ ಹೋಗಿ ಮಾತ್ರೆ ಕೊಟ್ಟೋಳು. ಅವ್ಳಿಗೆ ಒಂದ್ ಫ್ಲೆಕ್ಸ್ ಹಾಕಿದ್ರಾ ಯಾರಾದ್ರೂ? ಇಲ್ಲ ತಾನೆ. ಹಾಂ... ಅದ್ಸರಿ ಬುಡಿ, ಅವ್ಳೂ ಮಧು ಆಟ ಬಂತು ಅಂದ್ರೆ ಸೀರಿಯಲ್ ಬುಟ್ಟು ಕುಂತ್ಕತಾಳೆ. ರುದ್ರಣ್ಣ, ನಂಗೊಂದ್ ಸೆಲ್ಫಿ ಕೊಡ್ಸೋ ಅಂತ ಪ್ರಾಣ ತಿಂತಾಳೆ. ಇದ್ಕೇನ್ ಹೇಳಾನ.

ಕಿಟಕಿ ಒಳ್ಗೇನ್ ಬಗ್ಗಿ ನೋಡ್ತೀರಿ? ಹಾಸ್ಗೆನಾ? ಪ್ಲಾಸ್ಟಿಕ್ ಕವರ್ರು ತೆಗ್ದಿಲ್ಲ, ಹೌದು. ಧೂಳ್ ಕುಂತ್ಕಬಾರ್ದು ಅಂತ. ಸಾಹೇಬ್ರು ಬಂದಾಗ ತೆಗಿತೀನಿ, ಹೋದ್ ಮ್ಯಾಲೆ ಹಾಕ್ತೀನಿ. ಬನ್ನಿ ಇತ್ತಗೆ. ನಿಮ್ ಕಣ್ಣು ಒಂದ್ ಕಡೆ ನಿಲ್ಲಕಿಲ್ಲವಲ್ಲ. ಗೇಟ್ ಹತ್ರ ಮುಕ್ತಿಯಾರ್ ಅಂಗ್ಡೀಲಿ ಟೀ ಕುಡುದ್ರಾ ಬರ್ತಾ? ಕುಡುದ್ರಿ. ಅಂದ್ಕಂಡೆ. ಅವ್ನೇನಂದ? ಅವ್ನ ಮಾತ್ ಕಟ್ಕಬ್ಯಾಡಿ. ಯಾವ್ ಕಾರ್ ಒಳಕ್ ಹೋಯ್ತು, ಯಾವ್ದು ಹೋಗ್ಲಿಲ್ಲ ಅಂತ ಕುಂತ್ಕಂಡು ನೋಡೋದೇ ಕೆಲ್ಸ ಅವ್ನಿಗೆ. ಈ ಮನೆಗೆ ಹಿಂದ್ಗಡೆ ಒಂದ್ ಗೇಟೈತೆ. ಅದು ಮುಕ್ತಿಯಾರ್‌ಗೆ ಕಾಣಕಿಲ್ಲ.

ಇರ್ಲಿ. ಹೊಟ್ಟೆ ಹಸ್ದಿರ್ತದೆ, ಉಣ್ಣಿ. ಅಯ್ಯೋ, ನಂಗ್ ಕಮ್ಮಿ ಆಗಕಿಲ್ಲ. ಕ್ಯಾರಿಯರ್ನಾಗೆ ಎರಡ್ ಮುದ್ದೆ ಐತೆ, ನೋಡಿ. ಸೊಪ್ಪಿನ ಬಸ್ಸಾರು. ನಿಮ್ಮ ಹುಡ್ಗಿ ಕೈ ಅಡ್ಗೇನೇ, ಮದ್ವೆಗ್ ಮುಂಚೇನೇ ರುಚಿ ನೋಡ್ಬುಡಿ. ಅವ್ರವ್ವ ಹೋದ್ ಮ್ಯಾಲೆ ಒಲೆ ಮುಂದೆಲ್ಲ ಅವ್ಳೇ. ಇವತ್ತು ಸಾಹೇಬ್ರು ಬರಬೌದು ಕಣವ್ವ, ಮದ್ವೆ ವಿಚಾರ ಮಾತಾಡ್ಬೇಕು ಅಂತ ಬೆಳಗ್ಗೆ ಹೇಳಿದ್ದೆ. ಅದ್ಕೇ ಎರಡು. ಯಾವಾಗ್ಲೂ ಹಂಗೇ. ಸಾಹೇಬ್ರು ಬತ್ತಾರೆ ಅಂದ್ರೆ ಅವ್ರ ಪಾಲಿಂದು ಒಂದು ಇಕ್ಕೇ ಇಕ್ತಾಳೆ.

ಬರ್ಲಿಲ್ಲ ಇವತ್ತು. ನೋಡಿದ್ರಲ್ಲ, ಇದೇ ಅವ್ರ ಬುದ್ಧಿ.

ಉಣ್ಣಿ, ತಣ್ಣಗಾಯ್ತದೆ. ಎಷ್ಟ್ ಸತಿ ಇಲ್ಲೇ, ಇದೇ ಕಟ್ಟೆ ಮ್ಯಾಲೆ ಕುಂತು ಉಂಡೋಗವ್ನೆ. ಚೆನ್ನಾಗಿತ್ತು ರುದ್ರಯ್ಯ ಅಂತ ಒಂದ್ ಮಾತಿಲ್ಲ. ಯಾರ್ ಮಾಡಿದ್ದು, ಯಾವ್ ಊರು, ಎಷ್ಟ್ ಮಕ್ಳು ನಿಂಗೆ... ಏನೂ ಕೇಳಕಿಲ್ಲ. ಕೈ ತೊಳ್ದ, ಕಾರ್ ಹತ್ದ. ಇಂಥೋನ್ನ ಕಟೌಟ್ ನಿಲ್ಸಿ ಹಾಲ್ ಹುಯ್ತೀರಿ ನೀವು. ಉಣ್ಣೋ ರೀತಿನೂ ಗೊತ್ತಿಲ್ಲ ಅಂತೀನಿ. ಎಡಗೈ. ಹೂಂ ಕಣಪ್ಪ, ಎಡಗೈಲಿ ಮುದ್ದೆ ಮುರಿಯೋದು, ಎಡಗೈಲೇ ಸಾರಿಗದ್ದಿ ನುಂಗೋದು. ಎಡಗೈ ಆಟಗಾರ ಅಲ್ವಾ, ಬ್ಯಾಟ್ ಹಿಡಿಯೋದೂ ಅದೇ ಕೈ, ಅನ್ನ ಹಿಡಿಯೋದೂ ಅದೇ ಕೈ. ನಮ್ ಕಡೆ ಮಕ್ಳು ಹಂಗ್ ಉಂಡ್ರೆ ಬೆರಳ್ ಮ್ಯಾಲೆ ಏಟ್ ಬೀಳ್ತದೆ. ಇವ್ನಿಗೆ ಯಾರ್ ಹೇಳೋರು?

ಯಾಕೆ, ಸಾರು ಖಾರಾನಾ? ಕೈ ಅಲ್ಲೇ ನಿಲ್ಸ್‌ಬುಟ್ರಿ.

ಏನ್ ಹಂಗ್ ನೋಡ್ತೀರಿ?

ಮತ್ತೆ ಫೋನ್ ಯಾಕೆ, ಎಂಜಲ್ ಕೈನಾಗೆ. ನೋಡ್ದೆ ಕಣಪ್ಪ ಫ್ಲೆಕ್ಸು. ಏನ್ ಐತೆ ಅದ್ರಾಗೆ? ಬ್ಯಾಟ್ ಮ್ಯಾಲೆ ಸೈನ್ ಹಾಕ್ತಾವ್ನೆ, ಪೆನ್ನು... ಬಲಗೈಲಿ. ಹೂಂ. ಫೋಟೋ ತಿರುಗಿಸ್‌ಬುಟ್ಟಿದ್ದೀರಿ ನೀವು. ಕಂಪ್ಯೂಟರ್ನಾಗೆ ಎಡ ಬಲ ಮಾಡೋದು ನಿಮ್ಗೇನ್ ದೊಡ್ಡ ಕೆಲ್ಸ. ಹಾಂ? ಅಂಗಿ ಮ್ಯಾಲಿನ ಅಕ್ಷರ ಸರ್ಯಾಗೇ ಅವೆ ಅಂತೀರಾ. ಕೊಡಿ ಇಲ್ಲಿ... ಎಂ, ಎ... ಸರ್ಯಾಗವೆ.

ಸೈ. ಕೆಲವ್ರು ಹಂಗೂ ಇರ್ತಾರೆ. ಬರೆಯೋದು ಬಲಗೈ, ಉಣ್ಣೋದು ಎಡಗೈ. ಯಾಕ್ ಇರಬಾರ್ದು?

ಇದೇನು, ಇನ್ನೊಂದ್ ಫೋಟೋ? ಬಿರಿಯಾನಿ ತಿಂತಾವ್ನೆ. ಮಸಾಲೆ ಪುಡಿ ಜಾಹೀರಾತು. ಇದೂ ಬಲಗೈ. ಇದು ಬಾಲ್ ಎಸಿತಿರೋದು. ಬಲಗೈ. ಸಾಕು ಬುಡಿ. ಬ್ಯಾಟ್ ಒಂದೇ ಎಡಗೈಲಿ, ಮಿಕ್ಕಿದ್ದೆಲ್ಲ ಬಲಗೈಲಿ ಅಂತೀರಿ. ಆಟ ನೋಡೋ ಸಣ್ ಮಕ್ಳಿಗೂ ಗೊತ್ತು ಅಂತೀರಿ. ನಂಗೇನ್ ಗೊತ್ತು, ನಾನ್ ಆಟ ನೋಡೋನಲ್ಲ. ಬಿಡದಿ ರಸ್ತೇಲಿ ಅವ್ನ್ದೊಂದು ದೊಡ್ ಬೋರ್ಡ್ ಐತೆ, ಎಡಗೈಲಿ ಬ್ಯಾಟ್ ಹಿಡ್ಕಂಡಿರೋದು. ದಿನಾ ಅದ್ರ ಕೆಳ್ಗೇ ಹಾದ್ ಬತ್ತೀನಿ.

ಹಂಗಲ್ಲ ನಾನ್ ಹೇಳಿದ್ದು... ಬೋರ್ಡ್ ನೋಡಿ ಹೇಳಿದ್ದಲ್ಲ.

ಏನಾದ್ರೂ ಅನ್ನಿ ಉದಯ್. ಬೈರಿ ಬೇಕಾದ್ರೆ.

ಮೊದ್ಲೇ ಗೊತ್ತಿತ್ತಾ ನಿಮ್ಗೆ? ಗೊತ್ತಿದ್ದೇ ಬಂದ್ರಾ? ಮುಕ್ತಿಯಾರ್ ಹೇಳಿದ್ನಾ? ಅಲ್ವಾ. ಮ್ಯಾನೇಜರ್‌ಗೇನಾದ್ರೂ ಫೋನ್ ಮಾಡಿದ್ರಾ? ಅದೂ ಅಲ್ಲ. ನಿಮ್ ದೊಡ್ಡಪ್ಪಂಗೆ ಗೊತ್ತಾ? ಇಲ್ಲ... ದೇವ್ರು ದೊಡ್ಡೋನು. ಮತ್ಯಾರು? ಯಾರ್ ಹೇಳಿದ್ರು ಅಂತ ಕೇಳ್ತಾ ಇವ್ನಿ. ಕ್ಯಾರಿಯರ್ ಯಾಕ್ ನೋಡ್ತೀರಿ, ನನ್ ಮೊಕ ನೋಡ್ಕಂಡ್ ಹೇಳಿ.

ಕ್ಯಾರಿಯರ್...

ದ್ರಾಕ್ಷಾಯಿಣಿನಾ?

ಇಲ್ಲ. ಅವ್ಳಿಗೆ ಗೊತ್ತಿಲ್ಲ. ಅವ್ಳಿಗೆ ಗೊತ್ತಿರಕ್ಕೆ ಸಾಧ್ಯನೇ ಇಲ್ಲ ಕಣಪ್ಪ. ಗೊತ್ತಿದ್ರೆ ಮುದ್ದೆ ಯಾಕ್ ಇಕ್ಕೋಳು?

ಮತ್ತೆ ಆ ಆಟದ್ ಫೋಟೋನೇ ತೋರುಸ್ತೀರಲ್ಲ.

ಅವ್ಳೂ ಆಟ ನೋಡ್ತಾಳೆ, ಹೌದು. ಟೀವಿ ಮುಂದೆ ಕುಂತ್ರೆ ಎಬ್ಬುಸ್ಬೇಕು. ನಂಗದು ಹೊಳಿಲೇ ಇಲ್ಲ ನೋಡಿ. ಮೊದಲ್ನೇ ದಿನ ಕ್ಯಾರಿಯರ್ ತಗಂಡು ಮನೆಗ್ ಹೋದಾಗ್ಲೇ ಹೇಳಿದ್ದೆ ಅವ್ಳಿಗೆ. ಉಂಡ್ರಾ ಅಪ್ಪ ಅಂದ್ಲು. ಉಂಡ್ರು ಕಣವ್ವ, ಎಡಗೈಲಿ ಉಣ್ತಾರೆ, ನೋಡಕ್ ಒಂಥರಾ ಅಂದೆ. ಸೆರಗ್ನಾಗೆ ಬಾಯ್ ಮುಚ್ಕಂಡು ಒಳಕ್ ಹೋದ್ಲು. ನಾನು ಸಾಹೇಬ್ರನ್ನ ನೆನೆಸ್ಕಂಡ್ ನಗ್ತಾವ್ಳೆ ಅಂದ್ಕಂಡೆ.

ಮೊದಲ್ನೇ ದಿನದಿಂದ್ಲೂವಾ ಉದಯ್? ಇಷ್ಟ್ ವರ್ಷದಿಂದ್ಲೂ?

ಬಂದಿಲ್ಲ ಕಣಪ್ಪ ಅವ್ನು. ಒಂದ್ ಸತಿನೂ ಬಂದಿಲ್ಲ. ಮನೆ ಕಟ್ಸ್ದ, ಹುಲ್ಲಾಕ್ಸ್ದ, ಅಗೋ ಅಲ್ಲಿ ಆಡಕ್ಕೆ ಅಂತ ಬಲೆ ಕಟ್ಸ್ದ. ದಿನಾ ಬೆಳಗ್ಗೆ ಹುಲ್ಲಿಗೆ ನೀರ್ ಬುಡ್ತೀನಿ, ಇವತ್ ಬರಬೌದು ಅಂತ. ದಿಟವಾಗ್ಲೂ ಕಾಯ್ತಿದ್ದೆ ನಾನು, ಅದ್ ಸುಳ್ಳಲ್ಲ. ಊರ್ನೋರೆಲ್ಲ, ಹನುಮಂತಮ್ಮ, ಮುಕ್ತಿಯಾರು, ನೋಡಿದ್ಯಾ, ಮಾತಾಡಿಸಿದ್ಯಾ, ಹೆಂಗವ್ರೆ ಅಂತ ಬಾಯ್ ಬುಟ್ಕಂಡ್ ಕೇಳೋರು. ಇಲ್ಲ ಅಂದ್ರೆ ನಾನು ಯಾರ್ದೋ ಮನೆ ಬಾಗ್ಲು ಕಾಯೋ ರುದ್ರಯ್ಯ. ಹೂಂ ಅಂದ್ರೆ... ಹೂಂ ಅಂದ್ಬುಟ್ಟೆ. ಈಗ ಮದ್ವೆ ಬಂತು. ಅವ್ನ್ ಬರಕಿಲ್ಲ. ನಿಮ್ ಕಡೆಯೋರ ಮುಂದೆ ನಾನ್ ಸುಳ್ಳ ಆಯ್ತೀನಿ, ನನ್ ಮಗ್ಳು ಸುಳ್ಳನ ಮಗಳಾಗಿ ಕುದೂರಿಗೆ ಬತ್ತಾಳೆ. ಅವ್ನೇ ಕೆಟ್ಟೋನಾಗ್ಬುಟ್ರೆ ತಪ್ಪೆಲ್ಲ ಅವ್ನ್ ಮ್ಯಾಲೆ ಹೋಯ್ತದೆ ಅಂತ... ಅವ್ನೇನ್ ಮಾಡವ್ನೆ ನಂಗೆ, ಪಾಪ. ತಿಂಗ್ಳು ತಿಂಗ್ಳು ಸಂಬ್ಳ ತಪ್ಸಿಲ್ಲ. ಹೀರೋನೋ ಅಲ್ವೋ ನಂಗ್ಯಾಕೆ.

ಅವ್ಳೇ ಕಳಿಸಿದ್ದಾ ನಿಮ್ನ? ಇವತ್ತು, ಈ ಹೊತ್ಗೆ? ಊಟದ್ ಹೊತ್ಗೆ?

ಏನ್ ಹೇಳಿ ಕಳ್ಸಿದ್ಲು? ಫ್ಲೆಕ್ಸ್‌ನಿಂದ ಆ ಮೊಕ ತೆಗ್ಸಿ ಅಂತಾನಾ? ನಂಗ್ ಗೊತ್ತು ಅಂತ ಅಪ್ಪಂಗೆ ಹೇಳ್ಬ್ಯಾಡಿ ಅಂದಿದ್ಲಾ. ಮತ್ತೆ ನೀವೂ ಹೇಳ್ಲಿಲ್ಲವಲ್ಲ. ಕ್ಯಾರಿಯರ್ ಕಡೆ ನೋಡಿದ್ರಿ, ಅಷ್ಟೇ.

ತೆಗ್ದ್‌ಬುಡಿ. ನಿಮ್ಮಿಬ್ರದ್ದೇ ದೊಡ್ದಾಗಿ ಹಾಕಿ. ನಿಮ್ ದೊಡ್ಡಪ್ಪಂಗೆ ನಾನೇ ಬಂದು ಹೇಳ್ತೀನಿ, ಅದೇನ್ ಅಂತಾರೋ ಅನ್ಲಿ.

ಆ ಎರಡ್ನೇ ಮುದ್ದೆ ನಾನೇ ಉಣ್ತಿದ್ದೆ ಕಣಪ್ಪ. ಮೊದ್ಲು ಮೊದ್ಲು ನಾಯಿಗ್ ಹಾಕ್ತಿದ್ದೆ, ಆಮ್ಯಾಕೆ ಮನ್ಸ್ ಬರ್ಲಿಲ್ಲ. ಅವ್ಳ ಕೈಲಿ ಕಟ್ಟಿದ್ದು. ಗೊತ್ತಿದ್ದೂ ಕಟ್ಟಿದ್ದು... ಕ್ಯಾರಿಯರ್ ತೊಳ್ದು ಬೋರಲಾಕಿ, ಸಂಜೆ ಮನೆಗ್ ತಗಂಡೋಯ್ತೀನಿ. ಬಾಗ್ಲಲ್ಲೇ ಈಸ್ಕತಾಳೆ. ಉಂಡ್ರಾ ಅಪ್ಪ ಅಂತಾಳೆ. ಇವತ್ತೂ ಕೇಳ್ತಾಳೆ. ಕೇಳ್ದೆ ಇರಾಕಿಲ್ಲ ಅವ್ಳು.

ಎದ್ದೇಳ್ಬ್ಯಾಡಿ. ಕುಂತ್ಕ ಮಗಾ, ಕುಂತ್ಕ. ಮುದ್ದೆ ಹಂಗೇ ಐತಲ್ಲ. ಪೂರ್ತಿ ಉಣ್ಣು, ಒಂದ್ ತುತ್ತೂ ಬುಡಬ್ಯಾಡ. ಸಾರ್ ಹಾಕ್ತೀನಿ ತಡಿ. ಸಂಜೆ ಅವ್ಳು ಕೇಳ್ದಾಗ, ಉಂಡ್ರು ಕಣವ್ವ ಅಂತ ಹೇಳ್ಬೇಕು ನಾನು.