ಪಡೀಲಿನ ನೂರಕ್ಕೆ ನೂರು

ಈ ಸಭೆಯ ಅಧ್ಯಕ್ಷರೂ ಹಂಚಿನ ಕಾರ್ಖಾನೆಯ ಹಿರಿಯರೂ ಆದ ಸೆವರಿನ್ ಅವರೇ, ವೇದಿಕೆಯ ಗಣ್ಯರೇ, ಹಂಚು, ಗೇರುಬೀಜ, ಬೀಡಿ ಎಂಬ ಮೂರು ವಾಸನೆಗಳನ್ನು ಈ ಬಲ್ಮಠದ ಸಭಾಂಗಣಕ್ಕೆ ಹೊತ್ತು ತಂದಿರುವ ಸಭಿಕರೇ,

ಯಾವ ಕಡೆ ನೂರು ಕೆಲಸಗಾರರಲ್ಲಿ ಎಷ್ಟು ಮಂದಿ ಸಂಘದ ಸದಸ್ಯರೆಂದು ನಮ್ಮ ಮೂರೂ ಸಂಘಗಳ ಸಮಿತಿ ಈ ವರ್ಷ ಅಳೆದಿದೆ. ಹಂಚಿನವರು ನಲವತ್ತು. ಗೇರುಬೀಜದವರು ಅರವತ್ತು. ಪಡೀಲಿನ ಬೀಡಿಯವರು ನೂರಕ್ಕೆ ನೂರು! ಆದ್ದರಿಂದ ಮೇಜಿನ ಮೇಲಿರುವ ಶೀಲ್ಡನ್ನು ಪಡೀಲು ಸಂಘದ ಕಾರ್ಯದರ್ಶಿಯಾದ ನನಗೆ ಕೊಡುವವರಿದ್ದಾರೆ. ಅದನ್ನು ತೂಗುಹಾಕಲು ಮನೆಯ ಗೋಡೆಗೆ ಮೊಳೆಯನ್ನೂ ಹೊಡೆದಿದ್ದೇನೆ.

ಆದರೆ ನೂರಕ್ಕೆ ನೂರು ಇದ್ದೂ ಕಳೆದ ತಿಂಗಳ ನಮ್ಮ ಮುಷ್ಕರ ಏಕೆ ಸೋತಿತು? ಸಾವಿರ ಬೀಡಿಗೆ ಕೂಲಿ ಹೆಚ್ಚಿಸಿ ಎಂದು ನಾವು ಕಂತ್ರಾಟುದಾರನ ಅಂಗಡಿಯೆದುರು ಕೂಗುತ್ತಿದ್ದೆವು. ಆತ ಹೊರಗೆ ಬಂದು, "ಎಂತ ಮಾರಾಯ್ರೇ, ಗಂಟಲು ಒಣಗಿತಾ? ನೀರು ಬೇಕಾ?" ಎಂದ. ಅವನಿಗೇಕೆ ಅಷ್ಟು ನೆಮ್ಮದಿ? ಅಷ್ಟರಲ್ಲಿ ಅವನ ಬೆನ್ನ ಹಿಂದಿನಿಂದ, ಕಟ್ಟಿದ ಬೀಡಿ ಒಪ್ಪಿಸಿ, ಮಡಿಲಲ್ಲಿಟ್ಟು ಕಟ್ಟುವ ಗೆರಸೆಯನ್ನು ಖಾಲಿ ಹಿಡಿದು ಒಬ್ಬ ಹೆಂಗಸು ಇಳಿದು ಬಂದಳು. ನನ್ನ ಹೆಂಡತಿ ವಾರಿಜಾಕ್ಷಿ!

"ಇದೆಂತ ನೀನು ಇಲ್ಲಿ? ಮುಷ್ಕರ ಅಲ್ವಾ?"

"ಮುಷ್ಕರ ಸಂಘದವರಿಗೆ. ನಾನು ಯಾವಾಗ ಸಂಘದಲ್ಲಿ ಇದ್ದೆ?"

ಮೆರವಣಿಗೆಯೇ ನಕ್ಕಿತು. ಅವಳ ಹಿಂದೆಯೇ, ನನ್ನ ಪಕ್ಕದಲ್ಲಿ ಕೂಗುತ್ತಿದ್ದ ನೋಣಯ್ಯನ ಹೆಂಡತಿ ಇಳಿದಳು. ಆಮೇಲೆ ಯಾರೂ ನಗಲಿಲ್ಲ.

ಸಭಿಕರೇ, ಕಂತ್ರಾಟುದಾರ ಎಲೆ, ಹೊಗೆಸೊಪ್ಪು ಕೊಡುವುದು ಗಂಡಸಿನ ಹೆಸರಿಗೆ. ಸಮಿತಿ ಎಣಿಸಿದ್ದೂ ಅದೇ ಹೆಸರುಗಳನ್ನು. ನಮ್ಮ ಮನೆಯ ಲೆಕ್ಕ ಸರಿಯಾಗಿಯೇ ಇತ್ತು: ಕೆಲಸಗಾರ ಒಬ್ಬ, ಸದಸ್ಯ ಒಬ್ಬ. ವಾರಿಜಾಕ್ಷಿ ಬೀಡಿ ಕಟ್ಟುತ್ತಾಳೆ, ಅಷ್ಟೆ. ನಾನು ಸಂಘಕ್ಕಾಗಿ ಓಡಾಡುವುದರಿಂದ ನನ್ನ ಪಾಲಿನದನ್ನೂ ಅವಳೇ ಕಟ್ಟುತ್ತಾಳೆ. ಹಾಗಿರುವಾಗ ಸಂಘಕ್ಕೆ ಸೇರಲು ಅವಳಿಗೆ ಪುರುಸೊತ್ತೆಲ್ಲಿ? ನೀವು ನಗುತ್ತಿದ್ದೀರಿ. ನಗಿ. ಅವಳೂ ನಕ್ಕಳು, ಆದರೆ ಸ್ವಲ್ಪ ಬೇರೆ ರೀತಿ.

ಮೊನ್ನೆ ನಮ್ಮ ಸಂಘದವರನ್ನು ಒಪ್ಪಿಸಿ, ಹೆಂಡತಿ, ತಾಯಿ, ಮಗಳು ಎಂದು ಗೆರಸೆ ಹಿಡಿದವರನ್ನೆಲ್ಲ ಸೇರಿಸಿ ಪಡೀಲನ್ನು ಮತ್ತೆ ಅಳೆದೆವು. ನೂರಕ್ಕೆ ಇಪ್ಪತ್ತೈದು. ಸೆವರಿನ್ ಅವರೇ, ನಿಮ್ಮ ಹಂಚಿನವರಿಗಿಂತಲೂ ಕೆಳಗೆ! ನಿಮಗೆ ಸಂತೋಷವಾಗಿರಬೇಕು.

ಬರುವ ಸೋಮವಾರ ಮತ್ತೆ ಮುಷ್ಕರ. ಈ ಸಲವೂ ಸೋತರೆ ಪಡೀಲಿನಲ್ಲಿ ಸಂಘವೇ ಉಳಿಯುವುದಿಲ್ಲ. ನಿನ್ನೆ ವಾರಿಜಾಕ್ಷಿಯನ್ನು ಕೇಳಿದೆ, "ಈ ಸಲ ನೀನು ಎಂತ ಮಾಡ್ತಿ?"

"ಮೊದಲು ನಮ್ಮನ್ನು ಸೇರಿಸಿಕೊಳ್ಳಿ. ಮತ್ತೆ ಗೆರಸೆಯನ್ನು ನಾನೇ ನಿಮ್ಮ ಶೀಲ್ಡಿನ ಮೊಳೆಗೆ ಹಾಕ್ತೇನೆ."

ಇವತ್ತು ಬೆಳಿಗ್ಗೆ ನಮ್ಮ ಅಂಗಳದಲ್ಲಿ ಪಡೀಲಿನ ಹೆಂಗಸರೆಲ್ಲ ಸೇರಿದ್ದರು, ಸಂಘಕ್ಕೂ ಸೇರಿದರು. ಆದರೆ ಈ ವರ್ಷದ ನಿಜವಾದ ಲೆಕ್ಕ ಇಪ್ಪತ್ತೈದೇ. ಆದ್ದರಿಂದ ಅಧ್ಯಕ್ಷರೇ, ಶೀಲ್ಡು ಗೇರುಬೀಜದವರಿಗೆ ಸಲ್ಲಲಿ. ನಮ್ಮ ಮನೆಯ ಮೊಳೆ ಖಾಲಿ ಇಲ್ಲ.

ಇಷ್ಟು ಹೊತ್ತು ನನ್ನ ಮಾತಿನ ವಿರುದ್ಧ ಮುಷ್ಕರ ಹೂಡದ ನಿಮಗೆಲ್ಲ ಕೃತಜ್ಞತೆ. ನಮಸ್ಕಾರ.